ಮಾಲೆ ಹಾಕಿ ಕುಡಿತ ಬಿಟ್ಟರು, ಮರುದಿನವೇ ಫಿಟ್ಸ್ ಬಂತು: ಚಟ ಇರುವುದು ಮೈಯಲ್ಲೋ, ಮನಸ್ಸಿನಲ್ಲೋ?

ಪ್ರಶ್ನೆ: ಡಾಕ್ಟ್ರೇ, ನಾನು ಹಾಸನ ಜಿಲ್ಲೆಯವಳು. ನಮ್ಮ ಯಜಮಾನರಿಗೆ 43 ವರ್ಷ, ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಾರೆ. ಹದಿನೈದು ವರ್ಷದಿಂದ ಕುಡಿಯುತ್ತಿದ್ದಾರೆ. ಈಗ ದಿನಕ್ಕೆ ಎರಡು ಕ್ವಾರ್ಟರ್ ಬೇಕೇ ಬೇಕು. ಬೆಳಿಗ್ಗೆ ಎದ್ದರೆ ಕೈ ನಡುಗುತ್ತೆ, ಕಾಫಿ ಲೋಟ ಹಿಡಿಯೋಕೆ ಆಗಲ್ಲ. ಒಂದು ನೈಂಟಿ ಪ್ಯಾಕೆಟ್ ಕುಡಿದ ಮೇಲೆ ಸರಿಹೋಗುತ್ತೆ, ಆಮೇಲೆ ಗಾಡಿ ತೆಗೀತಾರೆ. ಹಿಂದೆ ಎರಡು ಸಲ ಅಯ್ಯಪ್ಪನ ಮಾಲೆ ಹಾಕಿದಾಗ 41 ದಿನ ಮುಟ್ಟಿರಲಿಲ್ಲ, ಏನೂ ತೊಂದರೆ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಕಾಮಾಲೆ ಆಗಿ ಆಸ್ಪತ್ರೆ ಸೇರಿದ್ದರು. ಆಗಲೂ ಮೂರು ತಿಂಗಳು ಪೂರ್ತಿ ಬಿಟ್ಟಿದ್ದರು. ಆಮೇಲೆ ನಮ್ಮ ನಾದಿನಿ ಮಗಳ ಬೀಗರೂಟದಲ್ಲಿ ಒಂದು ಪೆಗ್ ಅಂತ ಶುರು ಮಾಡಿ ವಾರದಲ್ಲಿ ಮೊದಲಿನಷ್ಟಕ್ಕೇ ಬಂದರು.

ಈ ಸಲ ಮಾಲೆ ಹಾಕಿದ ಮರುದಿನ ರಾತ್ರಿ ಫಿಟ್ಸ್ ಬಂತು. ಮೂರನೇ ದಿನ ಹಾಸಿಗೆ ಮೇಲೆ ಇರುವೆ ಹರೀತಿದೆ ಅಂತ ಹೆಕ್ಕುತ್ತಾ ಕೂತಿದ್ದರು. ಅಟ್ಟದ ಮೇಲೆ ಯಾರೋ ಕೂತಿದ್ದಾರೆ ಅಂತ ಕೂಗಾಡಿದರು. ವ್ರತದಲ್ಲಿ ಏನೋ ಲೋಪ ಆಗಿದೆ ಅಂತ ಗುರುಸ್ವಾಮಿಗಳ ಹತ್ತಿರ ಮಾಲೆ ತೆಗೆಸಿದೆವು. ಅತ್ತೆಯವರೇ ಬ್ರಾಂದಿ ತರಿಸಿ ಕೊಟ್ಟರು, ಎರಡು ಮೂರು ದಿನಕ್ಕೆ ಸುಧಾರಿಸಿಕೊಂಡರು. ಈಗ ಅತ್ತೆ, "ಅವನ ಮೈ ಕೇಳುತ್ತೆ, ದಿನಾ ಸ್ವಲ್ಪ ಕೊಡಿ" ಅನ್ನುತ್ತಾರೆ. ಮೈದುನ ಒಂದು ಪುಡಿ ತಂದಿದ್ದಾನೆ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಬೇಕಂತೆ. ಇನ್ನೊಂದು ಕೇಂದ್ರದವರು ರಾತ್ರಿ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಯಾರೂ ನೋಡುವ ಹಾಗಿಲ್ಲ ಅನ್ನುತ್ತಾರೆ. ಅವರು ಮಾತ್ರ "ನಾನು ಮನಸ್ಸು ಮಾಡಿದರೆ ನಾಳೆಯೇ ಬಿಡ್ತೀನಿ" ಅನ್ನುತ್ತಾರೆ. ಇದು ಮೈಗೆ ಹತ್ತಿದ ಚಟವೋ, ಮನಸ್ಸಿಗೆ ಹತ್ತಿದ್ದೋ? ಏನು ಮಾಡಲಿ? ಮಗಳು ಒಂಬತ್ತನೇ ಕ್ಲಾಸು.

ಉತ್ತರ: ಉಳಿದ ಮಾತಿಗೆ ಮುಂಚೆ ಒಂದು ವಿಷಯ. ಡಾಕ್ಟರಿಗೆ ತೋರಿಸುವ ತನಕ "ಇವತ್ತಿನಿಂದ ಒಂದು ತೊಟ್ಟೂ ಇಲ್ಲ" ಅಂತ ಅವರನ್ನು ಮನೆಯಲ್ಲಿ ಕೂರಿಸಬೇಡಿ. ಕುಡಿಸುತ್ತಾ ಇರಿ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಫಿಟ್ಸ್ ಬಂದು, ಇಲ್ಲದ್ದು ಕಂಡವರಿಗೆ ಮುಂದಿನ ಸಲ ಹಠಾತ್ತಾಗಿ ನಿಲ್ಲಿಸಿದಾಗಲೂ ಹಾಗೇ ಆಗುವ ಸಾಧ್ಯತೆ ಜಾಸ್ತಿ. ನಿಲ್ಲಿಸಲೇಬೇಕು. ಆದರೆ ಅದು ಆಸ್ಪತ್ರೆಯಲ್ಲಿ, ಮಾತ್ರೆಗಳ ಆಸರೆಯಲ್ಲಿ ಆಗಬೇಕು. ಈ ವಾರವೇ ಕರೆದುಕೊಂಡು ಹೋಗಿ.

ಮೈಯೋ ಮನಸ್ಸೋ ಅಂತ ಕೇಳಿದ್ದೀರಿ. ಎರಡೂ. ನಿಮ್ಮ ಪತ್ರದಲ್ಲೇ ಎರಡಕ್ಕೂ ಒಂದೊಂದು ಘಟನೆ ಇದೆ. ಮಾಲೆ ಹಾಕಿದ ಮರುದಿನ ಬಂದ ಫಿಟ್ಸ್ ಮೈಯದ್ದು. ಬೀಗರೂಟದಲ್ಲಿ ಶುರುವಾದ ಆ ಒಂದು ಪೆಗ್ ಮನಸ್ಸಿನದ್ದು. ಇವೆರಡನ್ನೂ ಒಂದೇ ಅಂದುಕೊಂಡಾಗ ಚಿಕಿತ್ಸೆ ದಾರಿ ತಪ್ಪುತ್ತದೆ. ನಾನು ನೋಡುವ ಕುಟುಂಬಗಳಲ್ಲಿ ಬಹಳಷ್ಟು ಜನ ಎಡವುವುದು ಇಲ್ಲೇ. ಮೈ ಸರಿಹೋದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲವೇ ಮನಸ್ಸು ಗಟ್ಟಿ ಮಾಡಿಕೋ ಅಂತ ಹೇಳಿ ಮೈಯನ್ನು ಮರೆಯುತ್ತಾರೆ.

ಮೊದಲು ಮೈ ವಿಚಾರ. ನಮ್ಮ ಮೆದುಳಿನಲ್ಲಿ ಚಟುವಟಿಕೆಯನ್ನು ತಗ್ಗಿಸುವ ಒಂದು ರಾಸಾಯನಿಕ ಇದೆ, ಹೆಸರು ಗಾಬಾ. ಏರಿಸುವ ಇನ್ನೊಂದು ಇದೆ, ಗ್ಲುಟಮೇಟ್. ಎರಡೂ ಸಮವಾಗಿ ಎಳೆದರೆ ನಿದ್ದೆ, ಎಚ್ಚರ, ಶಾಂತಿ ಎಲ್ಲ ಅದರ ಪಾಡಿಗೆ ನಡೆಯುತ್ತದೆ. ಹಗ್ಗ ಜಗ್ಗಾಟ ನೋಡಿದ್ದೀರಲ್ಲ, ಹಾಗೆ. ಮದ್ಯ ಬಂದು ಗಾಬಾದ ಕಡೆ ಸೇರಿಕೊಂಡು ಎಳೆಯುತ್ತದೆ. ವರ್ಷಗಟ್ಟಲೆ ದಿನಾ ಹೀಗಾದರೆ ಮೆದುಳು ಸುಮ್ನೆ ಇರುವುದಿಲ್ಲ. ಆ ಕಡೆ ಗ್ಲುಟಮೇಟಿನ ಬಲ ಹೆಚ್ಚಿಸಿಕೊಳ್ಳುತ್ತದೆ, ಈ ಕಡೆ ಗಾಬಾದ ಬಲ ಕುಗ್ಗಿಸಿಕೊಳ್ಳುತ್ತದೆ. ಮೊದಲು ಒಂದು ನೈಂಟಿಗೆ ಏರುತ್ತಿದ್ದವರಿಗೆ ಈಗ ಎರಡು ಕ್ವಾರ್ಟರ್ ಬೇಕಾಗುವುದು ಇದರಿಂದಲೇ. ಹಾಗೆ ಎಳೆಯುತ್ತಿದ್ದ ಮದ್ಯ ಒಂದು ಬೆಳಿಗ್ಗೆ ಹಗ್ಗ ಬಿಟ್ಟು ಹೊರಟುಹೋದರೆ ಇನ್ನೊಂದು ಕಡೆಯವರು ಧೊಪ್ಪೆಂದು ಬೀಳುತ್ತಾರೆ. ಮೆದುಳು ಪೂರ್ತಿ ಉದ್ರೇಕದ ಕಡೆಗೆ ವಾಲುತ್ತದೆ. ನಡುಕ, ಬೆವರು, ಎದೆ ಡವಡವ, ನಿದ್ದೆಗೇಡು, ಫಿಟ್ಸ್, ಸನ್ನಿ ಎಲ್ಲವೂ ಆ ವಾಲುವಿಕೆಯ ಬೇರೆ ಬೇರೆ ಮಟ್ಟಗಳು.

ಇದಕ್ಕೆ ಒಂದು ಸಮಯಪಟ್ಟಿ ಇದೆ. ಕೊನೆಯ ಗ್ಲಾಸಿನ ನಂತರ ಆರೆಂಟು ಗಂಟೆಯಲ್ಲಿ ನಡುಕ ಶುರು. ನಿಮ್ಮ ಯಜಮಾನರು ರಾತ್ರಿ ಹತ್ತಕ್ಕೆ ಕುಡಿದು ಮಲಗಿದರೆ ಬೆಳಿಗ್ಗೆ ಆರಕ್ಕೆ ಕಾಫಿ ಲೋಟ ನಡುಗುವುದು ಈ ಲೆಕ್ಕಕ್ಕೇ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸನ್ನಿ. ದಿನ ಯಾವುದು, ತಾನೆಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ಇರುವೆ, ಹುಳು, ಹಾವು ಕಾಣುತ್ತದೆ, ಬಟ್ಟೆ ಹೆಕ್ಕುತ್ತಾರೆ, ಜ್ವರ ಬರುತ್ತದೆ, ಬಿ.ಪಿ. ಏರುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ನೀವು ಬರೆದಿರುವ ಇರುವೆ, ಅಟ್ಟದ ಮೇಲಿನ ಆಸಾಮಿ, ಎಲ್ಲ ಪುಸ್ತಕದಲ್ಲಿ ಇರುವ ಹಾಗೇ ಇದೆ, ಮೂರನೇ ದಿನವೂ ಸೇರಿ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಜೀವ ಹೋಗಬಹುದು. ಸಿಕ್ಕರೆ ಬಹುತೇಕರು ಉಳಿಯುತ್ತಾರೆ.

ಹಾಗಾಗಿ ಸ್ವಾಮಿಯ ಕೋಪ, ವ್ರತಲೋಪ ಎಂಬ ಅಳುಕು ನಿಮ್ಮ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಬಿಟ್ಟುಬಿಡಿ. ಅವರು ಶ್ರದ್ಧೆಯಿಂದಲೇ ವ್ರತ ಹಿಡಿದರು. ಮೈ ಆ ವೇಗಕ್ಕೆ ಸಿದ್ಧವಿರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಒಂದೇ ದಿನ ಮುಚ್ಚಿದವು, ನಮ್ಮ ರಾಜ್ಯದಲ್ಲಿ ಮೇ 4ಕ್ಕೆ ತೆರೆದವು. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಇದೇ ಫಿಟ್ಸ್, ಇದೇ ಸನ್ನಿಯ ರೋಗಿಗಳು ಬರುವುದು ಜಾಸ್ತಿಯಾಯಿತು. ಅವರಲ್ಲಿ ಯಾರೂ ವ್ರತ ಹಿಡಿದಿರಲಿಲ್ಲ, ಅಂಗಡಿ ಮುಚ್ಚಿತ್ತು ಅಷ್ಟೇ. ಪಕ್ಕದ ಕೇರಳದಲ್ಲಿ ಸರ್ಕಾರ ಡಾಕ್ಟರ ಚೀಟಿ ಇದ್ದವರಿಗೆ ಮದ್ಯ ಕೊಡಲು ಆದೇಶ ಮಾಡಿತ್ತು. ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸರಿಯಾಗೇ ಮಾಡಿತು. ಹಠಾತ್ ನಿಲುಗಡೆಗೆ ಒಳ್ಳೆಯ ಮಾತ್ರೆಗಳಿರುವಾಗ ಡಾಕ್ಟರು ಬ್ರಾಂದಿ ಬರೆದುಕೊಡಬೇಕಾಗಿಲ್ಲ.

ಹಿಂದೆ ಎರಡು ಸಲ ಏನೂ ಆಗಲಿಲ್ಲ, ಈ ಸಲ ಯಾಕೆ? ಒಂದು, ಆಗ ಅವರು ಈಗಿನಷ್ಟು ಕುಡಿಯುತ್ತಿರಲಿಲ್ಲ ಅಂತ ಕಾಣುತ್ತದೆ. ಇನ್ನೊಂದು ಕಾರಣ ಅನೇಕರಿಗೆ ಗೊತ್ತಿಲ್ಲ. ವಿಪರೀತ ಕುಡಿಯುವುದು, ಹಠಾತ್ತಾಗಿ ಬಿಡುವುದು, ಮತ್ತೆ ಕುಡಿಯುವುದು ಹೀಗೆ ಸುತ್ತು ಹೊಡೆಯುತ್ತಿದ್ದರೆ ಪ್ರತಿ ಸಲ ಬಿಟ್ಟಾಗಲೂ ಮೆದುಳಿನ ಪ್ರತಿಕ್ರಿಯೆ ಹಿಂದಿನದಕ್ಕಿಂತ ಜೋರಾಗುತ್ತಾ ಹೋಗುತ್ತದೆ. ಶ್ರಾವಣದಲ್ಲಿ ಒಂದು ತಿಂಗಳು, ಕಾರ್ತಿಕದಲ್ಲಿ ಒಂದು ತಿಂಗಳು ಬಿಡುವುದು ನಮ್ಮ ಕಡೆ ರೂಢಿ. ಕಡಿಮೆ ಕುಡಿಯುವವರಿಗೆ ಅದರಿಂದ ಒಳ್ಳೆಯದೇ. ಬೆಳಿಗ್ಗೆ ಕೈ ನಡುಗುವ ಹಂತಕ್ಕೆ ಬಂದವರಿಗೆ ಆ ಬಿಡುವಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಅಪಾಯ. ಮಾಲೆ ಹಾಕಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾರ್ತಿಕಕ್ಕೆ ಹದಿನೈದು ದಿನ ಮುಂಚೆ ಬನ್ನಿ, ಔಷಧಿ ಹಿಡಿದು ಮದ್ಯ ನಿಲ್ಲಿಸಿ, ಆಮೇಲೆ ಮಾಲೆ ಹಾಕಿ ಅನ್ನುತ್ತೇನೆ. ಗುರುಸ್ವಾಮಿಗಳು ಈ ಒಂದು ಮಾತನ್ನು ತಮ್ಮ ಶಿಷ್ಯರಿಗೆ ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಪ್ರಮಾಣದ ಬಗ್ಗೆಯೂ ಹೇಳಬೇಕು, ಯಾಕೆಂದರೆ "ಎರಡು ಕ್ವಾರ್ಟರ್" ಅನ್ನುವುದು ನಮ್ಮ ಕಿವಿಗೆ ಮಾಮೂಲಿ ಆಗಿಬಿಟ್ಟಿದೆ. ಬ್ರಾಂದಿ, ವಿಸ್ಕಿ ಬಾಟಲಿ ಮೇಲೆ ಶೇ 42.8 ಅಂತ ಇರುತ್ತದೆ ನೋಡಿ. ಎರಡು ಕ್ವಾರ್ಟರ್ ಅಂದರೆ 360 ಎಂ.ಎಲ್. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 120 ಗ್ರಾಂ, ದಿನಾ. "ಹಾಟ್ ಬಿಟ್ಟು ಬೀರಿಗೆ ಬಂದಿದ್ದೀನಿ, ಬೀರು ಏನೂ ಮಾಡಲ್ಲ" ಅಂತ ಮುಂದೆ ಅವರು ಹೇಳಬಹುದು, ಎಷ್ಟೋ ಜನ ಹೇಳುತ್ತಾರೆ. ಶೇ 8ರ ಸ್ಟ್ರಾಂಗ್ ಬೀರು 650 ಎಂ.ಎಲ್. ಒಂದು ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಒಂದು ನೈಂಟಿಗಿಂತ ಜಾಸ್ತಿಯೇ ಆಯಿತು.

ಮೈಗೆ ಸಂಬಂಧಿಸಿದ ಇನ್ನೊಂದು ಅಪಾಯ ನಮ್ಮೂರುಗಳಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಜಾಸ್ತಿ ಕುಡಿಯುವವರು ಊಟ ಸರಿಯಾಗಿ ಮಾಡುವುದಿಲ್ಲ. ತಿಂದದ್ದರಲ್ಲಿರುವ ಬಿ1 ವಿಟಮಿನ್, ಅಂದರೆ ಥಯಾಮಿನ್, ಮೈಗೆ ಸೇರುವುದನ್ನೂ ಮದ್ಯ ತಡೆಯುತ್ತದೆ. ಹೀಗೆ ಬರಿದಾದ ಮೈಗೆ "ಸುಸ್ತು" ಅಂತ ಪಕ್ಕದ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ಗ್ಲೂಕೋಸನ್ನು ಬಳಸಲು ಮೆದುಳಿಗೆ ಬಿ1 ಬೇಕು. ಉಳಿದಿದ್ದ ಚೂರುಪಾರೂ ಅಲ್ಲಿ ಖರ್ಚಾಗಿ ಹೋದರೆ ನಡಿಗೆ ತೂರಾಡುತ್ತದೆ, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ಮಾತು ಗೊಂದಲವಾಗುತ್ತದೆ. ಇದನ್ನು ವರ್ನಿಕೆ ಕಾಯಿಲೆ ಅನ್ನುತ್ತೇವೆ. ತಕ್ಷಣ ಹಿಡಿದರೆ ವಾಸಿಯಾಗುತ್ತದೆ. ಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು, ಬೆಳಿಗ್ಗೆ ತಿಂಡಿ ತಿಂದದ್ದೂ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಕಷ್ಟ ಏನೆಂದರೆ, ತೂರಾಡುವವರನ್ನು ನೋಡಿ ಎಲ್ಲರೂ "ಕುಡಿದಿದ್ದಾನೆ" ಅಂದುಕೊಂಡು ಸುಮ್ಮನಾಗುತ್ತಾರೆ. ಯಾವ ಕ್ಲಿನಿಕ್ಕಿಗೆ ಹೋದರೂ ಮುಚ್ಚಿಡಬೇಡಿ. "ಇವರು ದಿನಾ ಕುಡೀತಾರೆ, ಗ್ಲೂಕೋಸ್‌ಗೆ ಮುಂಚೆ ಬಿ1 ಇಂಜೆಕ್ಷನ್ ಕೊಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಕಾಮಾಲೆಯ ಸಮಯಕ್ಕೆ ಬರೋಣ. ಆಗ ನಡುಕ, ಫಿಟ್ಸ್ ಬರಲಿಲ್ಲ, ಯಾಕೆಂದರೆ ಆಸ್ಪತ್ರೆಯಲ್ಲಿ ಅದಕ್ಕೆ ಮಾತ್ರೆ ಕೊಟ್ಟಿರುತ್ತಾರೆ. ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ಲೊರಾಜೆಪಾಮ್ ಅಂತ ಇದೆಯಾ ನೋಡಿ. ಮೂರು ತಿಂಗಳು ಬಿಟ್ಟಿದ್ದರು ಅಂದರೆ ಮೈಯ ಹಿಡಿತ ಬಿಟ್ಟುಹೋಗಿ ಎಷ್ಟೋ ವಾರ ಕಳೆದಿತ್ತು. ನಡುಕವಿಲ್ಲ, ಬೆವರಿಲ್ಲ. ಆದರೂ ಬೀಗರೂಟದಲ್ಲಿ ಕೈ ಗ್ಲಾಸಿಗೆ ಹೋಯಿತು. ಚಟದ ಎರಡನೆಯ ರೂಪ ಇದು, ಮನಸ್ಸಿನದ್ದು.

ಮನಸ್ಸಿನ ಚಟ ಅಂದಾಗ ಜನ ಅದನ್ನು ಮನಸ್ಸಿನ ದೌರ್ಬಲ್ಯ ಅಂತ ಕೇಳಿಸಿಕೊಳ್ಳುತ್ತಾರೆ. ಅದೂ ಮೆದುಳಿನಲ್ಲೇ ಇರುವುದು, ಬೇರೆ ಜಾಗದಲ್ಲಿ. ಯಾವುದು ಮುಖ್ಯ, ಯಾವುದನ್ನು ಮತ್ತೆ ಮಾಡಬೇಕು ಅಂತ ಕಲಿಸುವ ವ್ಯವಸ್ಥೆ ಅದು. ಡೋಪಮಿನ್ ಎಂಬ ರಾಸಾಯನಿಕದ ಹೆಸರು ಕೇಳಿರುತ್ತೀರಿ. ಮೊದಮೊದಲು ಕುಡಿದಾಗ ಡೋಪಮಿನ್ ಏರುತ್ತದೆ. ಕ್ರಮೇಣ ಕುಡಿಯುವ ಮುಂಚೆಯೇ, ಸೂಚನೆ ಸಿಕ್ಕರೆ ಸಾಕು, ಏರುತ್ತದೆ. ಸಂಜೆ ಆರಕ್ಕೆ ಲೋಡ್ ಇಳಿಸಿ ಗಾಡಿ ಖಾಲಿಯಾದದ್ದು, ಬೈಪಾಸಿನ ತಿರುವು, ಗೆಳೆಯನ ಬೈಕ್ ಹಾರ್ನ್, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಖಾರದ ಕಡ್ಲೆ, ಕೈಗೆ ಬಂದ ಬಾಡಿಗೆ ದುಡ್ಡು. ಬೀಗರೂಟದಲ್ಲಿ ಮಟನ್ ಸಾರಿನ ವಾಸನೆ, ಷಾಮಿಯಾನದ ಹಿಂದೆ ನಿಂತ ನೆಂಟರು. ಇವೆಲ್ಲ ಅವರಿಗೆ ಕರೆಯಾಗಿಬಿಟ್ಟಿವೆ. ಸಿಟ್ಟು, ಹಸಿವು, ಸುಸ್ತು, ಒಂಟಿತನವೂ ಅಷ್ಟೇ. ತಡೆಯುವ, ಯೋಚಿಸುವ ಭಾಗ ಮೆದುಳಿನ ಮುಂಭಾಗದಲ್ಲಿದೆ. ವರ್ಷಗಟ್ಟಲೆ ಕುಡಿದವರಲ್ಲಿ ಆ ಭಾಗ ಬಳಲಿರುತ್ತದೆ. ಅದಕ್ಕೇ "ನಾಳೆಯೇ ಬಿಡ್ತೀನಿ" ಅನ್ನುವುದು ಬೆಳಿಗ್ಗೆ ನಿಜವಾಗಿರುತ್ತದೆ, ಸಂಜೆ ಆರಕ್ಕೆ ಇರುವುದಿಲ್ಲ. ಅವರು ನಿಮಗೆ ಸುಳ್ಳು ಹೇಳಿದರು ಅಂತ ನಾನು ಅಂದುಕೊಳ್ಳುವುದಿಲ್ಲ.

ಜಾಗ, ಜನ, ಸನ್ನಿವೇಶಕ್ಕೆ ಎಷ್ಟು ಬಲ ಇದೆ ಅನ್ನುವುದಕ್ಕೆ ಒಂದು ಹಳೆಯ ಅಧ್ಯಯನ ಇದೆ. ವಿಯೆಟ್ನಾಂ ಯುದ್ಧದ ಸಮಯದಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್, ಅಫೀಮಿನಂಥದ್ದಕ್ಕೆ ದಾಸರಾಗಿದ್ದರು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಬಹಳ ಕಡಿಮೆ. ಆ ಯುದ್ಧ, ಆ ಕ್ಯಾಂಪ್, ಆ ಗೆಳೆಯರು ಊರಿನಲ್ಲಿರಲಿಲ್ಲ. ನಿಮ್ಮ ಯಜಮಾನರದ್ದು ಉಲ್ಟಾ. ಆಸ್ಪತ್ರೆಯಿಂದ ಬಂದದ್ದು ಅದೇ ರಸ್ತೆಗೆ, ಅದೇ ಸಂಜೆಗೆ.

ಮೈ ಮತ್ತು ಮನಸ್ಸಿನ ಚಟ ಯಾವಾಗಲೂ ಜೊತೆಗೇ ಇರಬೇಕಾಗಿಲ್ಲ. ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರಿಗೆ ಮೈ ಒಗ್ಗಿರುತ್ತದೆ, ಹಠಾತ್ತಾಗಿ ನಿಲ್ಲಿಸಿದರೆ ಒದ್ದಾಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಹಂಬಲ ಇರುವುದಿಲ್ಲ, ಅವರು ಚಟಗಾರರಲ್ಲ. ಇತ್ತ ಮೊಬೈಲಿನಲ್ಲಿ ದುಡ್ಡು ಕಟ್ಟಿ ಜೂಜಾಡಿ ಜಮೀನು ಕಳೆದುಕೊಂಡವರ ಮೈಗೆ ಯಾವ ವಸ್ತುವೂ ಹೋಗಿರುವುದಿಲ್ಲ, ಆದರೂ ಅದು ಚಟವೇ. ವೈದ್ಯಕೀಯವೂ ಈಗ ಹಾಗೇ ಪರಿಗಣಿಸುತ್ತದೆ. ಗುಟ್ಕಾ ಬಿಟ್ಟರೆ ಸಿಡುಕು, ತಲೆನೋವು ಬರುತ್ತದೆ, ಜೀವಕ್ಕೆ ಅಪಾಯವಿಲ್ಲ. ಆದರೆ ಗುಟ್ಕಾ ಬಿಡಲು ಜನ ಪಡುವ ಪಾಡು ನಿಮಗೇ ಗೊತ್ತು. ಅಂದರೆ ಬಿಟ್ಟಾಗ ಮೈ ಎಷ್ಟು ಒದ್ದಾಡುತ್ತದೆ ಅನ್ನುವುದರಿಂದ ಚಟ ಎಷ್ಟು ಬಲವಾಗಿದೆ ಅಂತ ಅಳೆಯಲಾಗದು. ಇಲ್ಲಿ ಒಂದು ಎಚ್ಚರಿಕೆ: ನಿದ್ದೆಗೆ ಅಂತ ಮೆಡಿಕಲ್ ಶಾಪಿನಿಂದ ಆಲ್‌ಪ್ರಜೋಲಾಮ್ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದೂ ಮದ್ಯದ ಹಾಗೇ ಗಾಬಾದ ಮೇಲೆ ಕೆಲಸ ಮಾಡುತ್ತದೆ, ಅದನ್ನೂ ಒಮ್ಮೆಲೇ ನಿಲ್ಲಿಸಬಾರದು.

ಇಷ್ಟು ತಿಳಿದ ಮೇಲೆ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಪುಡಿಯನ್ನು ಇವತ್ತೇ ಎಸೆಯಿರಿ. ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಇಂಥ ಪುಡಿಗಳಲ್ಲಿ ಏನಿದೆ ಅಂತ ಕೊಟ್ಟವರೂ ಹೇಳುವುದಿಲ್ಲ. ಕೆಲವದರಲ್ಲಿ ಡೈಸಲ್ಫಿರಾಂ ಎಂಬ ಔಷಧಿಯನ್ನೇ ಅರೆದು ಹಾಕಿರುತ್ತಾರೆ. ಅದು ನಿಜವಾದ ಔಷಧಿ, 1940ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಮದ್ಯ ಮೈಯಲ್ಲಿ ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಬರುತ್ತದೆ, ಲಿವರ್ ಅದನ್ನು ಬೇಗ ಕಳೆಯುತ್ತದೆ. ಡೈಸಲ್ಫಿರಾಂ ಆ ಕಳೆಯುವಿಕೆಯನ್ನು ತಡೆಯುತ್ತದೆ. ಮಾತ್ರೆ ತಿಂದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿ.ಪಿ. ಇಳಿಯುತ್ತದೆ. ಆ ಹೆದರಿಕೆಯೇ ಔಷಧಿಯ ಕೆಲಸ. ರೋಗಿಗೆ ತಾನು ಏನು ತಿನ್ನುತ್ತಿದ್ದೇನೆ ಅಂತ ಗೊತ್ತಿದ್ದರೆ ಮಾತ್ರ ಹೆದರಿಕೆ ಕೆಲಸ ಮಾಡುತ್ತದೆ, ಅಲ್ವಾ? ಗೊತ್ತಿಲ್ಲದವರು ಎಂದಿನಂತೆ ಎರಡು ಕ್ವಾರ್ಟರ್ ಹಾಕುತ್ತಾರೆ. ಗಾಡಿ ಓಡಿಸುವಾಗ ಬಿ.ಪಿ. ಬಿದ್ದರೆ? ಜೀವ ಹೋದ ಉದಾಹರಣೆಗಳಿವೆ. ಗೊತ್ತಿದ್ದು ತೆಗೆದುಕೊಳ್ಳುವವರು ಕೂಡ ಕೆಮ್ಮಿನ ಸಿರಪ್, ಅರಿಷ್ಟ, ಆಸವ ಎಲ್ಲದರಿಂದ ದೂರವಿರಬೇಕು, ಅವುಗಳಲ್ಲೂ ಮದ್ಯಸಾರ ಇರುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪ್ರಭಾವ ಉಳಿಯಬಹುದು. ಫಿಟ್ಸ್ ಬಂದ, ಲಿವರ್ ಕೆಟ್ಟ ನಿಮ್ಮ ಯಜಮಾನರಿಗೆ ನಾನಾದರೆ ಈ ಔಷಧಿಯನ್ನು ಮೊದಲ ಆಯ್ಕೆಯಾಗಿ ಬರೆಯುವುದಿಲ್ಲ.

ಹಂಬಲ ಕಡಿಮೆ ಮಾಡುವ ಬೇರೆ ಮಾತ್ರೆಗಳಿವೆ. ಅಕಾಂಪ್ರೊಸೇಟ್ ಲಿವರಿನ ಮೇಲೆ ಭಾರ ಹಾಕುವುದಿಲ್ಲ, ಮೂತ್ರಪಿಂಡದ ಮೂಲಕ ಹೋಗುತ್ತದೆ, ಹಾಗಾಗಿ ಕಿಡ್ನಿ ಪರೀಕ್ಷೆ ಮಾಡಿ ಕೊಡುತ್ತಾರೆ. ದಿನಕ್ಕೆ ಮೂರು ಹೊತ್ತು ನುಂಗಬೇಕಾದ್ದರಿಂದ ತಪ್ಪಿಸಿಕೊಳ್ಳುವವರು ಜಾಸ್ತಿ. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನು ಮಂಕು ಮಾಡುತ್ತದೆ, ಲಿವರ್ ಪರೀಕ್ಷೆ ನೋಡಿಕೊಂಡು ಕೊಡಬೇಕು. ಲಿವರ್ ಕೆಟ್ಟವರಿಗೆ ಬ್ಯಾಕ್ಲೋಫೆನ್ ಕೂಡ ಕೊಡುವುದುಂಟು, ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಯಾವುದು ಅವರಿಗೆ ಹೊಂದುತ್ತದೆ ಅನ್ನುವುದು ರಕ್ತ ಪರೀಕ್ಷೆ ಬಂದ ಮೇಲಿನ ಮಾತು. ಇವುಗಳಿಂದ ಹಂಬಲ ತಗ್ಗುತ್ತದೆ, ಸಂಜೆ ಆರು ಗಂಟೆ ಏನೂ ಕರಗಿ ಹೋಗುವುದಿಲ್ಲ. ಅದಕ್ಕೆ ಸಮಾಲೋಚನೆ ಬೇಕು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಮನಸ್ಸು ಎಳೆಯುತ್ತದೆ ಅಂತ ಅವರೊಂದಿಗೇ ಕೂತು ಗುರುತು ಹಾಕುವುದು, ಆ ಹೊತ್ತಿಗೆ ಬೇರೆ ಏನು ಮಾಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು. ಹಂಬಲ ಏರಿದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಬೈಪಾಸಿನ ಬದಲು ಮನೆಯಲ್ಲಿ ಊಟಕ್ಕೆ ಕೂತಿದ್ದರೆ ಅದೇ ದೊಡ್ಡದು. ಹೊಟ್ಟೆ ತುಂಬಿದಾಗ ಸೆಳೆತ ಕಡಿಮೆ.

ಕೇಂದ್ರದ ವಿಚಾರ. ರಾತ್ರಿ ಎತ್ತಿಕೊಂಡು ಹೋಗುವುದು ಚಿಕಿತ್ಸೆಯಲ್ಲ. ನಿಮ್ಮ ಯಜಮಾನರ ಮಟ್ಟಿಗೆ ಅದು ನೇರವಾಗಿ ಪ್ರಾಣಾಪಾಯ. ಡಾಕ್ಟರಿಲ್ಲದ ಕೋಣೆಯಲ್ಲಿ ಕೂಡಿಹಾಕಿ ಮದ್ಯ ನಿಲ್ಲಿಸಿದರೆ ಎರಡನೇ ದಿನ ಏನಾಗುತ್ತದೆ ಅಂತ ನೀವೇ ಕಣ್ಣಾರೆ ನೋಡಿದ್ದೀರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ, ಮಾದಕವಸ್ತುವಿನಿಂದಾಗುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಒಪ್ಪಿಗೆ ಇಲ್ಲದೆ ದಾಖಲು ಮಾಡಲು ಅದರಲ್ಲಿ ಅವಕಾಶ ಇದೆ, ಆದರೆ ಕ್ರಮ ಇದೆ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಒಬ್ಬರು ಮನೋವೈದ್ಯರಾಗಿರಬೇಕು, ತನಗೋ ಬೇರೆಯವರಿಗೋ ಅಪಾಯ ಇದೆ ಎಂಬಂಥ ಕಾರಣ ಇರಬೇಕು. ಅದೂ ಮೊದಲಿಗೆ 30 ದಿನ ಮೀರುವಂತಿಲ್ಲ. ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಒಳ್ಳೆಯ ಖಾಸಗಿ ಕೇಂದ್ರಗಳು ಖಂಡಿತ ಇವೆ. ಹೋಗಿ ನೋಡಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಕೇಳಿ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಕೇಳಿ. "ಮೂರು ತಿಂಗಳು ನೋಡುವ ಹಾಗಿಲ್ಲ" ಅನ್ನುವ ಕಡೆಗೆ ಕಳಿಸಬೇಡಿ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೈ ಕೇಳುತ್ತಿರುವುದು ನಿಜ, ಬ್ರಾಂದಿ ಕೊಟ್ಟಾಗ ಒದ್ದಾಟ ನಿಂತದ್ದೂ ನಿಜ. ಮಗನ ಕಷ್ಟ ನೋಡಲಾರದೆ ಮಾಡಿದರು, ಅವರನ್ನು ದೂರಬೇಡಿ. ಆದರೆ ಮೈ ಕೇಳುವುದನ್ನು ಒಂದು ವಾರ, ಹತ್ತು ದಿನದಲ್ಲಿ ಮಾತ್ರೆಯಿಂದ ನಿಲ್ಲಿಸಬಹುದು. ದಿನಾ ಸ್ವಲ್ಪ ಕೊಡುತ್ತಾ ಹೋದರೆ ಅದು ಎಂದಿಗೂ ನಿಲ್ಲುವುದಿಲ್ಲ. ಸನ್ನಿ ಬರುವ ಹಂತ ಮುಟ್ಟಿದವರು "ಲಿಮಿಟ್ಟಿನಲ್ಲಿ" ಕುಡಿದು ಉಳಿದದ್ದನ್ನು ನಾನು ಕಾಣೆ. ಪೂರ್ತಿ ಬಿಡುವುದೇ ಅವರಿಗೆ ಸುಲಭದ ದಾರಿ.

ನನ್ನ ಸಲಹೆ ಇದು. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗಕ್ಕೆ ಹೋಗಿ. ಫಿಟ್ಸ್, ಸನ್ನಿ ಆಗಿರುವುದರಿಂದ ಒಳರೋಗಿಯಾಗಿ ದಾಖಲಾಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ವಿಭಾಗ ಇದೆ. ಹೋಗುವ ಮುಂಚೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಿಸ್ಚಾರ್ಜ್ ಆದ ಮೇಲೆ ಕನಿಷ್ಠ ಒಂದು ವರ್ಷ ಬರುತ್ತಾ ಇರಬೇಕು, ಮೊದಲ ಮೂರು ತಿಂಗಳು ತಪ್ಪಿಸಲೇಬಾರದು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು. ಅದರ ಸಭೆಗಳು ಕೆಲವರಿಗೆ ತುಂಬಾ ಹೊಂದುತ್ತವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಿಂದ, ಆಮೇಲಿನ ಒಡನಾಟದಿಂದ ಬಿಟ್ಟವರೂ ಇದ್ದಾರೆ. ನಿಮ್ಮವರಿಗೆ ಅದು ಆಸ್ಪತ್ರೆಯ ನಂತರದ ಹೆಜ್ಜೆಯಾಗಿರಲಿ.

ಬಿಟ್ಟ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಸಿಡುಕು, ನಿದ್ದೆಗೇಡು ಇರುತ್ತದೆ. "ಕುಡೀತಿದ್ದಾಗಲೇ ಚೆನ್ನಾಗಿದ್ದ" ಅಂತ ಮನೆಯವರಿಗೇ ಅನ್ನಿಸುವ ಕಾಲ ಅದು. ನಾಲ್ಕು ವಾರವಾದರೂ ಮಂಕಾಗಿದ್ದರೆ, ಬದುಕೇ ಬೇಡ ಅನ್ನುವ ಮಾತು ಯಾವ ದಿನ ಬಂದರೂ, ಡಾಕ್ಟರಿಗೆ ತಿಳಿಸಿ. ಒಳಗೆ ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಮತ್ತೆ ಕುಡಿಯುವುದೂ ಆಗಬಹುದು. ಅರ್ಧಕ್ಕರ್ಧ ಜನರಿಗೆ ಆಗುತ್ತದೆ, ಬಿ.ಪಿ., ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಮತ್ತೆ ಕೆಡಿಸಿಕೊಳ್ಳುವ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಹಾಗಾದರೆ ಅವತ್ತೇ ಕರೆತನ್ನಿ, ವಾರ ಕಾಯಬೇಡಿ.

"ಮನಸ್ಸು ಮಾಡಿದರೆ" ಎಂಬ ಮಾತಿಗೆ ಏನು ಹೇಳಬೇಕು ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಸಲ 41 ದಿನ ಬರಿಗಾಲಲ್ಲಿ ನಡೆದು ವ್ರತ ಮಾಡಿದವರ ಮನಸ್ಸು ಬಲವಿಲ್ಲದ್ದಲ್ಲ. ಅದನ್ನೇ ಅವರಿಗೆ ಹೇಳಿ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡವರು ಸುಮಾರು 2.9 ಕೋಟಿ, ಅವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಕ್ಕಿತ್ತು. ಉಳಿದವರೆಲ್ಲ ಮನಸ್ಸು ಗಟ್ಟಿ ಮಾಡಿಕೋ ಅನ್ನಿಸಿಕೊಂಡು ಕೂತವರೇ ಇರಬೇಕು. ಕುಡಿದು ಬಂದ ರಾತ್ರಿ ಮಾತು ಬೇಡ. ಬೆಳಿಗ್ಗೆ, ನಡುಕ ತಗ್ಗಿದ ಹೊತ್ತಿಗೆ, ಅತ್ತೆಯವರನ್ನೂ ಕೂರಿಸಿಕೊಂಡು ಹೇಳಿ: "ಆ ದಿನ ನಿಮಗೆ ಬಂದದ್ದು ಕಾಯಿಲೆ, ಅದಕ್ಕೆ ಔಷಧಿ ಇದೆಯಂತೆ, ನಿಮ್ಮನ್ನು ಮೋಸ ಮಾಡಿ ಎಲ್ಲೂ ಕಳಿಸಲ್ಲ, ಆಸ್ಪತ್ರೆಯಲ್ಲಿ ನಾನು ಜೊತೆಗೇ ಇರ್ತೀನಿ." ಗುರುಸ್ವಾಮಿಗಳ ಮಾತು ಕೇಳುವವರಾದರೆ ಅವರಿಂದಲೂ ಹೇಳಿಸಿ. ಬೇಡ ಅಂದರೆ ಜಗಳಕ್ಕೆ ಹೋಗಬೇಡಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಅವರು ಬರದಿದ್ದರೂ ನೀವೊಬ್ಬರೇ ಡಾಕ್ಟರನ್ನು ನೋಡಬಹುದು, ನಾವು ಎಷ್ಟೋ ಚಿಕಿತ್ಸೆ ಹೆಂಡತಿಯಿಂದಲೇ ಶುರು ಮಾಡುತ್ತೇವೆ. ಕುಡಿದು ಕೈ ಮಾಡುವಂತಿದ್ದರೆ ನೀವು, ಮಗಳು ಆ ರಾತ್ರಿ ಎಲ್ಲಿರಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಬಾಟಲಿ ಹುಡುಕುವ, ಅಪ್ಪನಿಗೆ ಬುದ್ಧಿ ಹೇಳುವ ಕೆಲಸ ಮಗಳಿಗೆ ಬೀಳದಿರಲಿ.

ಗಾಡಿಯ ವಿಷಯದಲ್ಲಿ ರಾಜಿ ಬೇಡ. ಬೆಳಿಗ್ಗೆ ನೈಂಟಿ ಹಾಕಿ ಓಡಿಸುವುದಂತೂ ಬೇಡವೇ ಬೇಡ. ಫಿಟ್ಸ್ ಬಂದವರು, ನಿದ್ದೆ ತರಿಸುವ ಮಾತ್ರೆಯಲ್ಲಿರುವವರು ಡಾಕ್ಟರು ಒಪ್ಪುವ ತನಕ ಸ್ಟೇರಿಂಗ್ ಹಿಡಿಯಬಾರದು. ದುಡಿಮೆಗೆ ಪೆಟ್ಟು ಬೀಳುತ್ತದೆ, ಗೊತ್ತು. ಆ ಕೆಲವು ವಾರ ಮೈದುನನೋ ಬಾಡಿಗೆ ಡ್ರೈವರೋ ಓಡಿಸುವ ಏರ್ಪಾಟು ಮಾಡಿಕೊಳ್ಳಿ. ಪುಡಿ ತಂದುಕೊಡುವಷ್ಟು ಅಣ್ಣನ ಬಗ್ಗೆ ಕಾಳಜಿ ಇರುವ ಹುಡುಗ, ಇದಕ್ಕೆ ಇಲ್ಲ ಅನ್ನಲಾರ.

ಈ ನಡುವೆ ಯಾವ ಕಾರಣಕ್ಕಾದರೂ ಅವರು ಕುಡಿಯುವುದು ನಿಂತು ಫಿಟ್ಸ್ ಬಂದರೆ, ಮಾತು ಗೊಂದಲವಾದರೆ, ಇಲ್ಲದ್ದು ಕಂಡರೆ, ಜ್ವರ ಬಂದು ಮೈಯೆಲ್ಲ ನಡುಗಿದರೆ, ಕಣ್ಣು ಮಂಜಾಗಿ ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಫಿಟ್ಸ್ ಸಮಯದಲ್ಲಿ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು, ಬ್ರಾಂದಿ, ಚಮಚ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. ಆಸ್ಪತ್ರೆಗೆ ಹೋಗುವಾಗ ಕಾಮಾಲೆಯ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳು, ಆಧಾರ್, ಆಯುಷ್ಮಾನ್ ಕಾರ್ಡ್ ಇಟ್ಟುಕೊಳ್ಳಿ. ಕೊನೆಯ ಸಲ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಕುಡಿದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಡಾಕ್ಟರು ಮೊದಲು ಕೇಳುವುದು ಅದನ್ನೇ.